ಅತ್ತಿಗೆಯ ತೊಟ್ಟಿಗೆ ಯಾರೂ ಕೈ ಹಾಕಬಾರದು

ನನ್ನ ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ವರಸೆಯಲ್ಲಿ ದೊಡ್ಡವಳು. ಅಣ್ಣನ ಕೈ ಹಿಡಿದು ಬಂದ ದಿನದಿಂದ ನಾನು ಅವಳನ್ನು ಅತ್ತಿಗೆ ಎನ್ನುತ್ತೇನೆ, ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಯಾರು ಯಾರಿಗೆ ತಗ್ಗಬೇಕು ಎನ್ನುವುದು ಇವತ್ತಿಗೂ ಬಗೆಹರಿದಿಲ್ಲ. ಅಣ್ಣ, ಅತ್ತಿಗೆ, ಅವರ ಮಗಳು, ನಮ್ಮಮ್ಮ, ಅವರದು ಮೇಲಿನ ಮಹಡಿ. ನನ್ನದು ಕೆಳಗೆ, ಮೆಟ್ಟಿಲ ಪಕ್ಕದ ಒಂದು ಕೋಣೆ, ಒಂದು ಹೊಲಿಗೆ ಯಂತ್ರ. ಅವಳು ಕೆಲಸ ಮುಗಿಸಿ ಮೆಟ್ಟಿಲು ಹತ್ತುವ ಸದ್ದು ನನಗೆ ಕೇಳಿಸುತ್ತದೆ. ಚಳಿಗಾಲದಲ್ಲಿ ಅದು ಒಂದೇ ಸಮನೆ ಮೇಲಕ್ಕೆ ಹೋಗುತ್ತದೆ. ಬೇಸಗೆಯಲ್ಲಿ ತಿರುವಿಗೊಮ್ಮೆ ನಿಂತು ನಿಂತು ಹೋಗುತ್ತದೆ.

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗವೊಂದಿರುತ್ತದೆ ಎಂದು ಹಾಸಿಗೆಯಲ್ಲಿ ಮಲಗಿದ ರೋಗಿಗಳಿಗೆ ಹೊಳೆಯುವುದೇ ಇಲ್ಲ. ಅಲ್ಲಿ ಚಾದರಗಳಿಗೆ ಇಸ್ತ್ರಿ ಹಾಕಲು ಒಂದು ದೊಡ್ಡ ಯಂತ್ರ, ಅದರಲ್ಲಿ ಕಾದ ಉರುಳೆ. ಒಂದು ಬದಿಯಿಂದ ಇಬ್ಬರು ಒದ್ದೆ ಚಾದರ ತೂರಿಸುತ್ತಾರೆ. ಇನ್ನೊಂದು ಬದಿಯಿಂದ ಅದು ಒಣಗಿ, ಸುಡುತ್ತ ಹೊರಬರುತ್ತದೆ. ಹೊರಬಂದದ್ದನ್ನು ಹಿಡಿದು ಮಡಿಸಿ ಅಟ್ಟಿ ಒಟ್ಟುವವಳು ಅತ್ತಿಗೆ. ಹಿಡಿದೂ ಹಿಡಿದೂ ಅವಳ ಬೆರಳ ತುದಿ ನುಣುಪಾಗಿಬಿಟ್ಟಿದೆ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾಳೆ, ನೋಡಿದವರ ಎದೆ ಝಲ್ಲೆನ್ನುತ್ತದೆ, ಅವಳಿಗೇನೂ ಇಲ್ಲ. ಮನೆಗೆ ಬಂದರೆ ತಲೆಯ ಮೇಲೆ ಬರೀ ತಾರಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆ ಮನೆಯೊಳಕ್ಕೆ ಬಿಡುತ್ತದೆ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಎಂದು ನಾನೊಮ್ಮೆ ಅಂದೆ. ಅತ್ತಿಗೆ ಯೋಚಿಸಿ, ಇಲ್ಲ, ಮನೆಯೇ ಬಾಣಲೆ ಎಂದಳು.

ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೊಟ್ಟದ್ದನ್ನು ಉಟ್ಟು, ಉಳಿದದ್ದನ್ನು ಉಂಡವಳು. ಇಂಥವಳು ಒಂದು ದಿನ ಅಣ್ಣನನ್ನೂ ಪಕ್ಕದ ಮನೆಯವನನ್ನೂ ಆಸ್ಪತ್ರೆಗೆ ಕರೆಸಿ ಒಂದು ಗಾಜಿನ ತೊಟ್ಟಿ ಹೊರಿಸಿಕೊಂಡು ಬಂದಳು. ವರ್ಗವಾಗಿ ಹೋಗುತ್ತಿದ್ದ ಡಾಕ್ಟರೊಬ್ಬರು ತಮ್ಮ ಅಕ್ವೇರಿಯಂ ಯಾರಿಗೆ ಬೇಕು ಎಂದು ಕೇಳಿದ್ದರಂತೆ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಇವಳು ನನಗೆ ಕೊಡಿ ಎಂದಳಂತೆ. ಹೇಳಿದ ಮೇಲೆ ತನಗೇ ನಾಚಿಕೆಯಾಯಿತಂತೆ.

ತೊಟ್ಟಿಯಲ್ಲಿ ಕಲ್ಲು, ನೀರುಗಿಡ, ಒಂದಿಷ್ಟು ಪುಡಿ ಮೀನು, ಒಂದು ದೊಡ್ಡ ಮೀನು. ದೊಡ್ಡದು ಅಂಗೈ ಹಾಗೆ ಚಪ್ಪಟೆ, ಮೈಮೇಲೆ ಕಪ್ಪು ಪಟ್ಟೆ, ಮೇಲೂ ಕೆಳಗೂ ಉದ್ದನೆಯ ರೆಕ್ಕೆ. ಏಂಜಲ್ ಮೀನು ಎಂದು ಅದರ ಜಾತಿಯ ಹೆಸರು. ಅತ್ತಿಗೆ ಇಟ್ಟ ಹೆಸರು ಮೇಡಂ. ಲಾಂಡ್ರಿಯ ಮೇಲ್ವಿಚಾರಕಿ ಹೀಗೇ ನಿಧಾನಕ್ಕೆ ಬಂದು, ಮುಖದ ಹತ್ತಿರ ಮುಖ ತಂದು, ಏನೂ ಮಾತಾಡದೆ ಹೋಗುತ್ತಾಳಂತೆ. ಆದರೆ ಈ ಮೇಡಂ ಬಂದು ನೋಡಿದರೆ ಅತ್ತಿಗೆಗೆ ಹಿತ. ಕೆಲಸದಿಂದ ಬಂದವಳೇ ಕೈಕಾಲು ತೊಳೆದು, ತೊಟ್ಟಿಯ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಆಗ ಮಾತಾಡಿಸಿದರೆ ಉತ್ತರವಿಲ್ಲ. ಅಣ್ಣ ಅದನ್ನು ನಿನ್ನ ಎರಡನೇ ಸಂಸಾರ ಎಂದು ಚುಡಾಯಿಸುತ್ತಿದ್ದ. ಅಮ್ಮ, ಅಂದರೆ ಅತ್ತಿಗೆಯ ಅತ್ತೆ, ಈ ಮನೆಯಲ್ಲಿ ಮೀನಾಗಿ ಹುಟ್ಟಬೇಕಿತ್ತು ಎಂದು ಗೊಣಗುತ್ತಿದ್ದಳು. ಹೊತ್ತು ಹುಟ್ಟುವ ಮುಂಚೆ ಎದ್ದ ಹೆಂಗಸು ದಿನದಲ್ಲಿ ಒಮ್ಮೆ ಯಾರ ಸೊಸೆಯೂ ಅಲ್ಲದೆ, ಯಾರ ತಾಯಿಯೂ ಅಲ್ಲದೆ ಕೂರುವ ಜಾಗ ಅದೊಂದೇ.

ಮೊದಲ ಬೇಸಗೆಯಲ್ಲಿ ನೀರು ಬೆಚ್ಚಗಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅತ್ತಿಗೆ ಕೆಲಸದಲ್ಲಿದ್ದಾಗ ಅಮ್ಮ ಅದನ್ನು ನೋಡಿದಳು, ಕರುಳು ಚುರ್ರೆಂದಿತು, ಫ್ರಿಜ್ಜಿನಿಂದ ಒಂದು ಹೂಜಿ ತಣ್ಣೀರು ತಂದು ಸುರಿದುಬಿಟ್ಟಳು. ಸಂಜೆಗೆ ಪುಡಿ ಮೀನುಗಳಲ್ಲಿ ಹೆಚ್ಚಿನವು ಬಿಳಿ ಹೊಟ್ಟೆ ತೋರಿಸಿಕೊಂಡು ತೇಲುತ್ತಿದ್ದವು. ಮೀನಿಗೆ ಸೆಕೆಗಿಂತ ಕೆಟ್ಟದ್ದು ತಟಕ್ಕನೆ ಬರುವ ತಂಪು ಎಂದು ಡಾಕ್ಟರು ಅತ್ತಿಗೆಗೆ ಹೇಳಿದ್ದರು, ಅತ್ತಿಗೆ ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ಅವಳು ಅಳಲಿಲ್ಲ, ಕೂಗಲಿಲ್ಲ. ಇನ್ನು ಮೇಲೆ ಈ ತೊಟ್ಟಿಗೆ ಯಾರೂ ಕೈ ಹಾಕಬೇಡಿ ಎಂದಳು, ಅಷ್ಟೆ. ಆ ಮನೆಗೆ ಬಂದ ಮೇಲೆ ಅವಳು ಹಾಕಿದ ಮೊದಲ ಅಪ್ಪಣೆ ಅದು. ಅದಕ್ಕೇ ಎಲ್ಲರೂ ಹೆದರಿದರು.

ಅಲ್ಲಿಂದ ಮುಂದೆ ಬೇಸಗೆ ಬಂತೆಂದರೆ ಅತ್ತಿಗೆಗೆ ಎರಡು ಕೆಲಸ, ಒಂದು ಲಾಂಡ್ರಿಯದು, ಇನ್ನೊಂದು ತೊಟ್ಟಿಯದು. ತೊಟ್ಟಿಯ ದೀಪ ಆರಿಸಬೇಕು, ಅದರಿಂದಲೂ ಬಿಸಿ. ಮೇಲಿನ ಮರದ ಮುಚ್ಚಳ ಅರ್ಧ ಸರಿಸಿ, ನೀರಿನ ಮೇಲೆ ಗಾಳಿ ಹಾಯುವಂತೆ ಟೇಬಲ್ ಫ್ಯಾನ್ ಇಡಬೇಕು. ಗಾಜಿನ ಸುತ್ತ ಒದ್ದೆ ಬಟ್ಟೆ ಹೊದಿಸಬೇಕು, ಅದು ಒಣಗಿದಂತೆ ಮತ್ತೆ ನೆನೆಸಬೇಕು. ಗಾಳಿಗೆ ಆರಿ ನೀರು ಇಳಿದಷ್ಟನ್ನೂ, ಬಕೆಟ್ಟಿನಲ್ಲಿ ಇಟ್ಟು ಹದ ಮಾಡಿದ ನೀರಿನಿಂದ ತುಂಬಬೇಕು. ಆಹಾರ ಅರ್ಧಕ್ಕರ್ಧ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯ, ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಕಲ್ಲು ಮಾಡಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದೇ ಒಂದನ್ನು ತೊಟ್ಟಿಯಲ್ಲಿ ತೇಲಿಬಿಡಬೇಕು. ಅದು ನಿಧಾನಕ್ಕೆ ಕರಗುತ್ತ ನೀರನ್ನು ನಿಧಾನಕ್ಕೆ ತಣಿಸುತ್ತದೆ. ಸಂಜೆ ಬಂದು ಇನ್ನೊಂದು. ಮಲಗಿದವಳು ನಡುವೆ ಎದ್ದು ಗಾಜಿಗೆ ಅಂಗೈ ಒತ್ತಿ ನೋಡಿ ಬಂದು ಮತ್ತೆ ಮಲಗುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಹಾಗೆ. ಬೇಸಗೆ ಮುಗಿಯುವ ಹೊತ್ತಿಗೆ ಅವಳ ಕಣ್ಣಿನ ಕೆಳಗೆ ಮಸಿ ಬಳಿದಂತಾಗಿರುತ್ತಿತ್ತು. ನಾನು ಮಾಡಿಕೊಡಲೇ ಎಂದು ಕೇಳಿದರೆ, ನಿಮಗೆ ಗೊತ್ತಾಗಲ್ಲ ಅಕ್ಕ ಎನ್ನುತ್ತಿದ್ದಳು. ಸುಸ್ತಾದವರು ತಮ್ಮ ಭಾರ ಇನ್ನೊಬ್ಬರಿಗೆ ಕೊಡುವುದಿಲ್ಲ. ಹೇಗೆ ಹಿಡಿಯಬೇಕು ಎಂದು ಹೇಳಿಕೊಡುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರುವುದಿಲ್ಲ.

ಆದರೂ ಮೇಡಂ ಬದುಕಿತು. ಒಂದು ಬೇಸಗೆ ಕಳೆಯಿತು, ಇನ್ನೊಂದು ಕಳೆಯಿತು. ಅಂಥ ಕೆಂಡದಂಥ ಮನೆಯಲ್ಲಿ ಬೆಳಿಗ್ಗೆ ಹಾಕಿದ ಒಂದೇ ಬಾಟಲಿಗೆ ಸಂಜೆಯವರೆಗೂ ನೀರು ತಣ್ಣಗಿರುತ್ತಿತ್ತು. ಅತ್ತಿಗೆಗೆ ಸಣ್ಣದೊಂದು ಹೆಮ್ಮೆ ಬಂತು. ಲಾಂಡ್ರಿಯಲ್ಲಿ ಎಲ್ಲರಿಗೂ ಈ ಉಪಾಯ ಹೇಳಿಕೊಟ್ಟಳು. ಒಗೆಯುವ ಯಂತ್ರದವನೊಬ್ಬ ಅವಳ ಮಾತು ಕೇಳಿ ಮೀನು ತಂದ, ಬೆಳಿಗ್ಗೆಗೊಂದು ಬಾಟಲಿ ಹಾಕಿದ, ಸಂಜೆಯೊಳಗೆ ನೀರು ಸ್ನಾನಕ್ಕೆ ಬರುವಷ್ಟು ಬಿಸಿ. ಮೀನು ಹೋದವು. ಬಂದು ದೂರಿದರೆ ಅತ್ತಿಗೆ ಅವನಿಗೇ ಬುದ್ಧಿ ಹೇಳಿ ಕಳಿಸಿದಳು, ನಿಮಗೆ ಶ್ರದ್ಧೆ ಇಲ್ಲ ಎಂದು.

ಈ ವರ್ಷದ ಬೇಸಗೆ ಹಿಂದಿನ ಎರಡನ್ನೂ ಮೀರಿಸಿತು. ಮೇಡಂಗೂ ವಯಸ್ಸಾಗಿತ್ತು, ರೆಕ್ಕೆಯ ಅಂಚು ಹರಿದಿತ್ತು, ಗಾಜಿನ ಹತ್ತಿರ ಬರುವುದು ಕಡಿಮೆಯಾಗಿತ್ತು. ಇದೊಂದು ಬೇಸಗೆ ದಾಟಿಸಿಬಿಟ್ಟರೆ ಸಾಕು ಎಂದು ಅತ್ತಿಗೆ ನನ್ನ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಯಾರನ್ನು ದಾಟಿಸುವುದು, ಮೀನನ್ನೋ ತನ್ನನ್ನೋ ಎಂದು ನನಗೆ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ನಿಂತಲ್ಲೇ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು.

ಇಂಥದ್ದರಲ್ಲಿ ಲೈನ್‌ಮನ್ ಮನೆ ಮನೆಗೆ ಬಂದು, ನಾಳೆ ತಂತಿ ಬದಲಿಸುತ್ತೇವೆ, ದಿನಪೂರ್ತಿ ಕರೆಂಟ್ ಇರುವುದಿಲ್ಲ ಎಂದು ಹೇಳಿ ಹೋದ. ಅತ್ತಿಗೆ ರಜೆ ಕೇಳಿದಳಂತೆ. ಮೇಲ್ವಿಚಾರಕಿ, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದಳಂತೆ. ಮೀನಿಗೆ ಎನ್ನಲು ಬಾಯಿ ಬರಲಿಲ್ಲವಂತೆ. ಮರುದಿನ ಹೊರಡುವಾಗ ಅವಳು ಒಂದರ ಬದಲು ಫ್ರೀಜರಿನಲ್ಲಿದ್ದ ಬಾಟಲಿಗಳನ್ನೆಲ್ಲ ತೊಟ್ಟಿಗೆ ಹಾಕಿದಳು. ಒಳಗಿಟ್ಟರೂ ಕರಗುವುದೇ, ಫ್ಯಾನೂ ಇಲ್ಲ, ಇರಲಿ ಎಂದು. ಮುಂಭಾಗದ ಗಾಜಿಗೂ ಸೇರಿಸಿ ಸುತ್ತ ದಪ್ಪನೆಯ ಒದ್ದೆ ಬಟ್ಟೆ ಹೊದಿಸಿದಳು. ಈಗ ಮುಚ್ಚಳ ಪೂರ್ತಿ ತೆಗೆದು ಬಗ್ಗಿ ನೋಡದೆ ಒಳಗೇನಿದೆ ಎಂದು ತಿಳಿಯುವಂತಿರಲಿಲ್ಲ.

ಅವತ್ತು ಮಧ್ಯಾಹ್ನ ಅಮ್ಮ ನನ್ನ ಕೋಣೆಗೆ ಇಳಿದು ಬಂದಳು. ನನ್ನ ಫ್ರಿಜ್ಜಿನಲ್ಲಿ ಅವಳದೊಂದು ಸ್ಟೀಲ್ ಡಬ್ಬಿ ಯಾವಾಗಲೂ ಇರುತ್ತಿತ್ತು, ನೀರು ಹೆಪ್ಪುಗಟ್ಟಿಸಿದ್ದು. ದಿನಾ ಬಂದು ತೆಗೆದುಕೊಂಡು ಹೋಗಿ, ಸಂಜೆಯೊಳಗೆ ತಂದಿಡುತ್ತಿದ್ದಳು. ಮಂಡಿನೋವಿಗೆ ಎಂದು ಹೇಳಿದ್ದಳು, ನಾನು ನಂಬಿದ್ದೆ. ಅವತ್ತು ಆ ಡಬ್ಬಿಯ ಜೊತೆಗೆ, ಹೇಗಿದ್ದರೂ ಕರಗಿಹೋಗುತ್ತದೆ ಎಂದು ಅಲ್ಲಿದ್ದ ಐಸೆಲ್ಲ ಕೆರೆದು ಇನ್ನೊಂದು ಡಬ್ಬಿಗೂ ತುಂಬಿಕೊಂಡಳು. ಮಂಡಿ ಅಷ್ಟು ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸು ಎಂದೆ. ಈ ವಯಸ್ಸಿಗೆ ಇನ್ನೇನು ತೋರಿಸುವುದು ಎನ್ನುತ್ತ, ಎರಡೂ ಡಬ್ಬಿ ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಮಂಡಿನೋವಿನವರು ಹತ್ತುವ ಹಾಗಿರಲಿಲ್ಲ ಅದು.

ಸಂಜೆಯಾದರೂ ಕರೆಂಟ್ ಬರಲಿಲ್ಲ. ಹೊಲಿಯಲು ಬೆಳಕಿಲ್ಲ, ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಅತ್ತಿಗೆಯ ಹೆಜ್ಜೆ ಮೇಲೆ ಹೋದ ಸದ್ದಾಯಿತು. ನಾನೂ ಟಾರ್ಚ್ ಹಿಡಿದು ಅವಳ ಹಿಂದೆಯೇ ಹೋದೆ. ಮೂವರೂ ಮನೆಯಲ್ಲಿದ್ದರು. ಸಿಟಿ ಬಸ್ ಓಡಿಸುವ ಅಣ್ಣ ಬೆಳಗಿನ ಪಾಳಿ ಮುಗಿಸಿ ಮಲಗೆದ್ದು ಕುಳಿತಿದ್ದ. ಅಮ್ಮ ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣನ ಮಗಳು, ಇಷ್ಟು ದೊಡ್ಡವಳಾದರೂ ನಮಗೆಲ್ಲ ಪುಟ್ಟಿ, ಆಗಷ್ಟೇ ಬಂದು ಕೈ ಒರೆಸಿಕೊಳ್ಳುತ್ತಿದ್ದಳು.

ಅತ್ತಿಗೆ ಮುಚ್ಚಳ ತೆಗೆದು ನೀರಿಗೆ ಬೆರಳದ್ದಿದಳು. ಬಿಸಿ ಪಾತ್ರೆಗೆ ಅಲುಗದ ಕೈ ಆ ಕೊರೆಯುವ ತಂಪಿಗೆ ಚಕ್ಕನೆ ಹಿಂದಕ್ಕೆ ಬಂತು. ಮತ್ತೆ ಮೊಣಕೈವರೆಗೆ ಇಳಿಸಿ ಒಂದೊಂದಾಗಿ ತೆಗೆಯತೊಡಗಿದಳು. ಮೊದಲು ತನ್ನ ಬಾಟಲಿಗಳು, ಪೂರ್ತಿ ಕರಗಿದ್ದವು. ಇವು ನಂದು ಎಂದು ನೆಲದ ಮೇಲಿಟ್ಟಳು. ಆಮೇಲೆ ಕಿಟಕಿಯ ಕಡೆಯ ಮೂಲೆಯಿಂದ ಇನ್ನೂ ಅರ್ಧ ಕಲ್ಲಾಗಿದ್ದ ಎರಡು ಸೋಡಾ ಬಾಟಲಿ ಬಂದವು. ಬಾಗಿಲ ಕಡೆಯ ಮೂಲೆಯಿಂದ ಅಮ್ಮನ ಸ್ಟೀಲ್ ಡಬ್ಬಿಗಳು ಬಂದವು. ಟಾರ್ಚ್ ಹಿಡಿದಿದ್ದ ನನಗೆ ಮಂಡಿನೋವಿನ ಸಂಗತಿ ಆಗ ತಿಳಿಯಿತು. ಹಿಂಬದಿಯಿಂದ, ಗಿಡಗಳ ನಡುವಿನಿಂದ ಚಪ್ಪಟೆಯಾದ ನೀಲಿ ಚೀಲಗಳು ಬಂದವು. ಔಷಧಿಗಳು ಬಿಸಿಯಾಗದಂತೆ ಡಬ್ಬದಲ್ಲಿಟ್ಟು ಕಳಿಸುತ್ತಾರಲ್ಲ, ಆ ಐಸ್ ಚೀಲಗಳು. ಅವಿನ್ನೂ ಕಲ್ಲಿನ ಹಾಗಿದ್ದವು.

ಯಾವುದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ, ಮಾಲು ಮಾಲೀಕರನ್ನು ತೋರಿಸುತ್ತಿತ್ತು. ಆಮೇಲೆ ತಿಳಿದದ್ದು, ಅಣ್ಣ ಡಿಪೋ ಪಕ್ಕದ ಚಹಾದಂಗಡಿಯವನ ಐಸ್ ಪೆಟ್ಟಿಗೆಯಲ್ಲಿ ದಿನಾ ಒಂದು ಬಾಟಲಿ ಇಡಿಸಿ, ಮಧ್ಯಾಹ್ನ ತಂದು ಹಾಕಿ, ಕರಗಿದ ಮೇಲೆ ತೆಗೆದು ಮಲಗುತ್ತಿದ್ದನಂತೆ. ಅವನು ಮಲಗಿದ ಮೇಲೆ ಅಮ್ಮನ ಸರದಿ. ಅಂಗಡಿಯಿಂದ ಪುಟ್ಟಿ ಬಂದು, ತಾಯಿ ಬರುವುದರೊಳಗೆ ತನ್ನ ಚೀಲ ಅದ್ದಿ ತೆಗೆಯುತ್ತಿದ್ದಳಂತೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡು ಬೇಸಗೆ ಹೀಗೇ ನಡೆದಿತ್ತು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳ ಹಾಗೆ. ಅತ್ತಿಗೆಯ ಒಂದು ಬಾಟಲಿಯ ಮಹಿಮೆ ಇಷ್ಟೇ ಆಗಿತ್ತು. ಇವತ್ತು ಕರೆಂಟ್ ಇಲ್ಲ, ಪಾಪ ಎಂದು ಪ್ರತಿಯೊಬ್ಬರೂ ದಿನಕ್ಕಿಂತ ಹೆಚ್ಚು ತಂದಿದ್ದರು. ಪ್ರತಿಯೊಬ್ಬರೂ ಮುಚ್ಚಳದ ಒಂದು ಮೂಲೆ ಎತ್ತಿ ಒಳಗೆ ತಳ್ಳಿ ಬಂದಿದ್ದರು. ಕದ್ದು ಮಾಡುವ ಕೆಲಸದಲ್ಲಿ ಬಗ್ಗಿ ನೋಡುವ ಪುರುಸೊತ್ತು ಯಾರಿಗಿರುತ್ತದೆ? ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಮೀನಿನ ವಿಷಯದಲ್ಲಿ ಆ ಗಾದೆ ನಡೆಯುವುದಿಲ್ಲ.

ಮೇಡಂ ತಳದ ಕಲ್ಲುಗಳ ಮೇಲೆ ಒಂದು ಮಗ್ಗುಲಾಗಿ ಬಿದ್ದಿತ್ತು. ಕಿವಿರು ಆಡುತ್ತಿತ್ತು, ಆಡಿ ಬಹಳ ಹೊತ್ತು ನಿಲ್ಲುತ್ತಿತ್ತು. ಅತ್ತಿಗೆ ಬಕೆಟ್ಟಿನ ಹದವಾದ ನೀರನ್ನು ಲೋಟದಲ್ಲಿ ತೆಗೆದು ಅಂಚಿನಿಂದ ತೊಟ್ಟು ತೊಟ್ಟಾಗಿ ಇಳಿಸಿದಳು. ಪುಟ್ಟಿ ಕೇಳದೆಯೇ ಒದ್ದೆ ಬಟ್ಟೆಗಳನ್ನು ಬಿಚ್ಚಿ ತೆಗೆದಳು. ಅಣ್ಣ ಎರಡೂ ಅಂಗೈಯನ್ನು ಗಾಜಿಗೊತ್ತಿ ಹಿಡಿದ, ಅದರಿಂದ ನೀರು ಬೆಚ್ಚಗಾಗುತ್ತದೆ ಎಂಬಂತೆ. ಹೊರಗೆ ಜಗತ್ತೆಲ್ಲ ಸೆಕೆ ಸೆಕೆ ಎಂದು ಬೈಯುತ್ತಿರುವಾಗ ನಮ್ಮ ಮನೆಯಲ್ಲಿ ಐದು ಜನ ಒಂದು ಗಾಜಿನ ತೊಟ್ಟಿ ಬಿಸಿಯಾಗಲಿ ಎಂದು ಬೇಡುತ್ತಿದ್ದೆವು.

ಸ್ವಲ್ಪ ಹೊತ್ತಿಗೆ ಪುಡಿ ಮೀನುಗಳು ಗಿಡದ ಬುಡದಿಂದ ಹೊರಬಂದು ಓಡಾಡಿದವು. ಮೇಡಂ ಏಳಲಿಲ್ಲ. ಕಿವಿರು ಒಮ್ಮೆ ನಿಂತದ್ದು ಮತ್ತೆ ಆಡಲಿಲ್ಲ. ಅತ್ತಿಗೆ ಲೋಟ ಕೆಳಗಿಟ್ಟು, ಸಾಲಾಗಿದ್ದ ಬಾಟಲಿ, ಡಬ್ಬಿ, ಚೀಲಗಳನ್ನೇ ನೋಡುತ್ತ ಕುಳಿತಳು. ಈಗ ಸಿಡಿಯುತ್ತಾಳೆ ಎಂದುಕೊಂಡೆ. ನನಗೇ ಮೂವರ ಮೇಲೂ ಸಿಟ್ಟು ಉಕ್ಕಿ ಬಂದಿತ್ತು, ಅಳುವೂ ಬಂದಿತ್ತು.

ಮೊದಲು ಬಾಯಿ ಬಿಟ್ಟದ್ದು ಅಮ್ಮ. ಇಷ್ಟು ವರ್ಷದಲ್ಲಿ ಸೊಸೆಯ ಮುಂದೆ ಅವಳು ದನಿ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

"ನೀನು ಬೆಂದು ಬರ್ತೀಯ ಕಣೇ. ಬಂದು ಕೂತಾಗ ಅದೊಂದಾದ್ರೂ ತಣ್ಣಗಿರ್ಲಿ ಅಂತ."

ಅತ್ತಿಗೆ ಅಮ್ಮನ ಮುಖ ನೋಡಿದಳು, ಆಮೇಲೆ ಅಣ್ಣನದು, ಆಮೇಲೆ ಮಗಳದು. ಮೇಡಂ ಗಾಜಿನ ಹತ್ತಿರ ಬಂದು ನೋಡುತ್ತಿದ್ದ ಹಾಗೆ, ನಿಧಾನಕ್ಕೆ, ಒಬ್ಬೊಬ್ಬರನ್ನೇ.

"ಯಾಕೆ ಒಬ್ರೂ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ," ಎಂದ ಅಣ್ಣ.

"ಹೌದು. ಅಂತಿದ್ದೆ." ಅವಳು ಗೋಡೆಗೆ ತಲೆ ಆನಿಸಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. "ನಾನೊಬ್ಳೇ ಅಂದ್ಕೊಂಡೇ ನಂಗೆ ಇಷ್ಟು ಸುಸ್ತಾಗಿದ್ದು."

ಪುಟ್ಟಿ ಬಂದು ಅವಳ ಪಾದಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅತ್ತಿಗೆ ಬಿಡಿಸಿಕೊಳ್ಳಲಿಲ್ಲ. ತೊಟ್ಟಿಯಲ್ಲಿ ಪುಡಿ ಮೀನುಗಳು ಇನ್ನೂ ಇದ್ದವು, ಬೇಸಗೆಯೂ ಇನ್ನೂ ಇತ್ತು. ಅವಳು ಕಣ್ಣು ಮುಚ್ಚಿಕೊಂಡೇ ಅಣ್ಣನನ್ನು ಕರೆದಳು.

"ನಾಳೆಯಿಂದ ನೀವು ಹಾಕಿ. ಬೆಳಿಗ್ಗೆ ಒಂದು, ಅದು ಕರಗಿದ ಮೇಲೆ ಅತ್ತೆ ಒಂದು, ಅದಾದ ಮೇಲೆ ಪುಟ್ಟಿ. ಒಬ್ರು ಹಾಕಿದ್ದು ಇನ್ನೊಬ್ರಿಗೆ ಹೇಳಿ. ನಾನು ಮಲಗ್ತೀನಿ."

ಹಾಗೆಂದು ಅಲ್ಲೇ ನೆಲದ ಮೇಲೆ ಒರಗಿದಳು. ಅಮ್ಮ ಹತ್ತಿರ ಸರಿದು, ರಟ್ಟಿನಿಂದ ಅವಳಿಗೆ ಗಾಳಿ ಬೀಸತೊಡಗಿದಳು. ಸ್ವಲ್ಪವೇ ಹೊತ್ತಿಗೆ ಅತ್ತಿಗೆಯ ಉಸಿರು ಆಳವಾಯಿತು, ಬಾಯಿ ಅರ್ಧ ತೆರೆಯಿತು. ಅಷ್ಟರಲ್ಲಿ ಬೀದಿಗೆ ಕರೆಂಟ್ ಬಂತು. ಎದುರು ಮನೆಗಳಲ್ಲೆಲ್ಲ ದೀಪ ಹತ್ತಿದವು. ನಮ್ಮ ಮನೆಯಲ್ಲಿ ಯಾರೂ ಏಳಲಿಲ್ಲ, ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಅವಳು ಮಲಗಿದ್ದಳು.